ಶುಲ್ಕ ಕಟ್ಟಿದವರಿಗೆ ಗುಟ್ಟಿನ ಮೇಲೆ ಹಕ್ಕಿಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ದಾಂಪತ್ಯದ ಸಮಸ್ಯೆಗಳಿಗೆ ಆಪ್ತಸಮಾಲೋಚಕರು ಉತ್ತರ ಬರೆಯುವ ಅಂಕಣಗಳು ಈಗ ಕನ್ನಡ ಪತ್ರಿಕೆಗಳಲ್ಲಿ ಬರುತ್ತಿವೆ. ಅವನ್ನು ನಾನು ತಪ್ಪದೆ ಓದುತ್ತೇನೆ. ಗಂಡ ಮಾತಾಡುವುದಿಲ್ಲ, ಹೆಂಡತಿ ಮುಖ ಕೊಡುವುದಿಲ್ಲ, ಅತ್ತೆ ಎಲ್ಲದಕ್ಕೂ ಮೂಗು ತೂರಿಸುತ್ತಾರೆ ಎಂದು ಜನ ಬರೆದಿರುತ್ತಾರೆ. ಉತ್ತರದ ಕೊನೆಯಲ್ಲಿ ‘ಇಬ್ಬರೂ ಒಮ್ಮೆ ಆಪ್ತಸಮಾಲೋಚಕರನ್ನು ಕಾಣಿರಿ’ ಎಂಬ ಸಲಹೆ ಇರುತ್ತದೆ. ಸಲಹೆ ಸರಿಯಾದದ್ದೇ. ಆದರೆ ಆ ಕೋಣೆಯೊಳಗೆ ಆಡಿದ ಮಾತು ಯಾರಿಗೆ ಸೇರಿದ್ದು, ಅದನ್ನು ವಿಚಾರಿಸುವ ಅಧಿಕಾರ ಮನೆಯ ಹಿರಿಯರಿಗೆ ಇದೆಯೇ ಎಂಬುದನ್ನು ಯಾರೂ ಬಿಡಿಸಿ ಹೇಳಿದ್ದನ್ನು ನಾನು ಕಂಡಿಲ್ಲ. ಈ ವಿಷಯದಲ್ಲಿ ನಾನೇ ತಪ್ಪು ಮಾಡಿದವಳಾದ್ದರಿಂದ, ಮತ್ತು ಆ ತಪ್ಪಿಗೆ ದಂಡ ತೆತ್ತವರು ಬೇರೆಯವರಾದ್ದರಿಂದ, ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ನಾನು ತುಮಕೂರಿನವಳು. 31 ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾಗಿದ್ದೇನೆ. ಮಗ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಬರುತ್ತಾನೆ; ಸೊಸೆ ಇಲ್ಲೇ ಊರಿನಲ್ಲಿ ಕೆಲಸ ಮಾಡುತ್ತಾಳೆ. ಮದುವೆಯಾದ ನಾಲ್ಕನೆಯ ವರ್ಷದಲ್ಲಿ ಅವರಿಬ್ಬರ ನಡುವೆ ಮಾತು ಕಡಿಮೆಯಾಗುತ್ತಾ ಬಂತು. ಏಕೆ ಎಂಬುದನ್ನು ಬರೆಯುವುದಿಲ್ಲ. ಅದು ಅವರಿಬ್ಬರ ವಿಷಯ. ಕೌನ್ಸೆಲಿಂಗ್‌ಗೆ ಹೋಗಿ ಎಂದು ಒತ್ತಾಯಿಸಿದವಳೂ ನಾನೇ, ಆರು ಭೇಟಿಗಳ ಶುಲ್ಕವನ್ನು ಮುಂಗಡವಾಗಿ ಕಟ್ಟಿದವಳೂ ನಾನೇ. ಮೊದಲ ಭೇಟಿಗೆ ಇಬ್ಬರೂ ಒಟ್ಟಿಗೆ ಹೋದರು, ಮುಂದಿನ ಎರಡು ಭೇಟಿಗಳಲ್ಲಿ ಒಬ್ಬೊಬ್ಬರನ್ನು ಪ್ರತ್ಯೇಕವಾಗಿ ಕೂರಿಸಿ ಮಾತಾಡಿಸಿದರಂತೆ. ಮನೆಗೆ ಬಂದ ಸೊಸೆಯ ಮುಖ ಅಂದು ತುಸು ಹಗುರವಾಗಿದ್ದಂತೆ ಕಂಡಿತು. ಅದಕ್ಕೆ ಸಂತೋಷಪಟ್ಟು ಸುಮ್ಮನಿರಬೇಕಾದ ನಾನು, ಒಳಗೆ ಏನು ನಡೆಯಿತೆಂದು ತಿಳಿಯುವ ತವಕ ತಡೆಯಲಾರದೆ, ಮಾರನೆಯ ದಿನ ಬೆಳಿಗ್ಗೆ ರಸೀದಿಯ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ.

ಅವರು ಹೇಳಲಾರರು ಎಂದೇ ಒಂದು ಮನಸ್ಸು ಅಂದುಕೊಂಡಿತ್ತು. ಆದರೆ ಅವರು ‘ಹಿರಿಯರು ವಿಚಾರಿಸೋದು ಒಳ್ಳೇದೇ ಮೇಡಂ, ಮನೆಯವರ ಸಹಕಾರ ಇದ್ದರೇ ನಮ್ಮ ಕೆಲಸ ಸುಲಭ’ ಎಂದು ಆರಂಭಿಸಿ, ಸುಮಾರು ಇಪ್ಪತ್ತು ನಿಮಿಷ ಎಲ್ಲವನ್ನೂ ಹೇಳಿದರು. ಸೊಸೆ ಏನೆಂದಳು, ಯಾವ ಮಾತಿಗೆ ಅತ್ತಳು, ನನ್ನ ಬಗ್ಗೆ ಏನು ಹೇಳಿದಳು, ಯಾವುದೂ ಬಿಟ್ಟುಹೋಗಲಿಲ್ಲ. ಅವರ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ. ಉಪಕಾರ ಮಾಡುತ್ತಿದ್ದೇನೆಂದೇ ಅವರು ನಂಬಿದ್ದರು, ಉಪಕಾರ ಪಡೆಯುತ್ತಿದ್ದೇನೆಂದೇ ನಾನೂ ನಂಬಿದ್ದೆ.

ಅದು ಡಿಸೆಂಬರ್ ತಿಂಗಳು, ಸೊಗಡಿನ ಅವರೆಕಾಯಿಯ ಕಾಲ. ಆ ವಾರದಲ್ಲೇ ಒಂದು ಸಂಜೆ ನಾವಿಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು, ನೆನೆಸಿಟ್ಟ ಕಾಳನ್ನು ಸಾರಿಗೆಂದು ಹಿತುಕುತ್ತಿದ್ದೆವು. ಯಾವುದೋ ಸಣ್ಣ ವಿಷಯಕ್ಕೆ ಮಾತಿಗೆ ಮಾತು ಬೆಳೆಯಿತು. ಆಗ ನನ್ನ ಬಾಯಿಂದ ಬಂದ ಮಾತು ಇದು: ‘ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಕೊಂಡು ಅಳೋ ಅಂಥದ್ದು ಈ ಮನೇಲಿ ನಿಂಗೇನಾಗಿದೆ?’ ಅವಳ ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ಕಾಳು ಅರ್ಧ ಸಿಪ್ಪೆ ಬಿಟ್ಟು ಹಾಗೆಯೇ ನಿಂತಿತು. ತಾನು ಅಳುವುದು ಮನೆಯವರಿಗೆ ಕೇಳಿಸಬಾರದೆಂದು ನಲ್ಲಿ ಬಿಟ್ಟುಕೊಳ್ಳುತ್ತೇನೆ ಎಂಬುದನ್ನು ಅವಳು ಲೋಕದಲ್ಲಿ ಒಬ್ಬರಿಗೆ ಮಾತ್ರ ಹೇಳಿದ್ದಳು. ‘ಇದನ್ನ ನಿಮಗೆ ಯಾರು ಹೇಳಿದ್ರು ಅತ್ತೆ?’ ಎಂದು ತಗ್ಗಿದ ದನಿಯಲ್ಲಿ ಕೇಳಿದಳು. ಯಾರೂ ಹೇಳಲಿಲ್ಲ, ನನಗೇ ಗೊತ್ತಾಯಿತು ಎಂದು ಸುಳ್ಳು ಹೇಳಿದೆ. ಕೈ ತೊಳೆದುಕೊಂಡು ಎದ್ದುಹೋದಳು.

ಮುಂದೆ ಆದದ್ದನ್ನು ನಾನು ಊಹಿಸಿಯೇ ಇರಲಿಲ್ಲ. ಸಮಾಲೋಚಕರು ಗಂಡನಿಗೆ ಹೇಳಿದ್ದಾರೆ, ಗಂಡ ತಾಯಿಗೆ ಹೇಳಿದ್ದಾನೆ ಎಂದು ಅವಳು ಲೆಕ್ಕ ಹಾಕಿದಳು. ನನ್ನ ಮಗನಿಗೆ ಆ ಸಂಗತಿಯೇ ಗೊತ್ತಿರಲಿಲ್ಲ; ಅವನು ಎಷ್ಟು ಆಣೆ ಮಾಡಿದರೂ ಅವಳು ನಂಬಲಿಲ್ಲ. ನಂಬಲು ಅವಳಿಗೆ ಕಾರಣವಾದರೂ ಏನಿತ್ತು? ಉಳಿದ ಮೂರು ಭೇಟಿಗಳಿಗೆ ಇಬ್ಬರೂ ಹೋಗಲಿಲ್ಲ. ಸಂಕ್ರಾಂತಿಯ ಎಳ್ಳು ಬೀರುವಾಗಲೂ, ಶಿವರಾತ್ರಿಯ ಜಾಗರಣೆಯಲ್ಲೂ ಒಂದೇ ಸೂರಿನಡಿ ಮೂವರು ಮೂರು ದಿಕ್ಕಾಗಿ ಕಳೆದೆವು. ಯುಗಾದಿಯ ಮರುದಿನ, ಇನ್ನು ತಾಳಲಾರೆನೆನ್ನಿಸಿ, ಇಬ್ಬರನ್ನೂ ಕೂರಿಸಿಕೊಂಡು ನಾನು ಫೋನ್ ಮಾಡಿದ್ದನ್ನು ಒಪ್ಪಿಕೊಂಡೆ. ಮಗ ಬೈದ. ಸೊಸೆ ಬೈಯಲಿಲ್ಲ, ‘ನಾನು ಇವರ ಮೇಲೆ ಮೂರು ತಿಂಗಳು ಅನುಮಾನಪಟ್ಟೆನಲ್ಲ’ ಎಂದಷ್ಟೇ ಹೇಳಿ ಗಂಡನ ಕಡೆ ನೋಡಿದಳು. ಇದಾಗಿ ಈಗ ಮೂರು ವರ್ಷಗಳಾಗುತ್ತಿವೆ. ಆ ನೋಟ ನನಗೆ ಇಂದಿಗೂ ಮರೆಯಲಾಗಿಲ್ಲ.

ಚಾಡಿ ಹೇಳಬಾರದು ಎಂದು ಮೂರು ದಶಕ ಮಕ್ಕಳಿಗೆ ಪಾಠ ಮಾಡಿದವಳು ನಾನು. ಶುಲ್ಕ ತೆಗೆದುಕೊಂಡು, ವೃತ್ತಿಯ ಹೆಸರಿನಲ್ಲಿ, ಒಬ್ಬರ ಒಳಗಿನ ಮಾತನ್ನು ಇನ್ನೊಬ್ಬರಿಗೆ ದಾಟಿಸುವುದೂ ಚಾಡಿಯೇ ಎಂಬುದು ನನಗೆ ಆಗ ಹೊಳೆಯಲಿಲ್ಲ. ಸಮಾಲೋಚಕರ ತಪ್ಪು ದೊಡ್ಡದು. ಆದರೆ ನಮ್ಮಂಥ ಹಿರಿಯರು ಕೇಳುತ್ತೇವೆಂಬುದೂ ಅವರ ಬಾಯಿ ಬಿಡಿಸುತ್ತದೆ. ಹಣ ಕಟ್ಟಿದವರು ಲೆಕ್ಕ ಕೇಳುವುದು ನಮಗೆ ಸಹಜವಾಗಿಬಿಟ್ಟಿದೆ. ಟ್ಯೂಷನ್ ಮೇಷ್ಟ್ರನ್ನು ‘ಹುಡುಗ ಹೇಗೆ ಓದುತ್ತಿದ್ದಾನೆ’ ಎಂದು ಕೇಳುವ ರೀತಿಯಲ್ಲೇ ಸಮಾಲೋಚಕರನ್ನೂ ಕೇಳುತ್ತೇವೆ.

ಇದರ ಹಿಂದೆ ಇನ್ನೊಂದು ಹಳೆಯ ರೂಢಿಯೂ ಇದೆ. ಗಂಡಹೆಂಡಿರ ಜಗಳ ಮಿತಿಮೀರಿದಾಗ ಎರಡೂ ಕಡೆಯ ಹಿರಿಯರು ಸೇರಿ, ನಡುಮನೆಯಲ್ಲಿ ಚಾಪೆ ಹಾಸಿ, ಇಬ್ಬರನ್ನೂ ಎದುರು ನಿಲ್ಲಿಸಿ ಪಂಚಾಯ್ತಿ ಮಾಡುವುದು ನಮ್ಮ ಕಡೆ ಇಂದಿಗೂ ಇದೆ. ಅಲ್ಲಿ ಎಲ್ಲರೂ ಎಲ್ಲವನ್ನೂ ಕೇಳಬೇಕು, ಏಕೆಂದರೆ ಎಲ್ಲರೂ ತೀರ್ಪು ಕೊಡುವವರೇ. ಆಪ್ತಸಮಾಲೋಚನೆ ಆ ಪಂಚಾಯ್ತಿಯ ಹೊಸ ಅವತಾರ ಎಂದು ಬಹಳ ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಸಮಾಲೋಚಕರು ತೀರ್ಪುಗಾರರಲ್ಲ, ಸಂದೇಶ ಒಯ್ಯುವವರೂ ಅಲ್ಲ. ಹೇಳಲು ಭಯವಾಗುವ ಮಾತನ್ನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿ ನೋಡಲು, ತಪ್ಪಾಗಿ ಹೇಳಿದರೆ ತಿದ್ದಿಕೊಂಡು ಮತ್ತೆ ಹೇಳಲು ಅವರ ಕೋಣೆಯಲ್ಲಿ ಅವಕಾಶವಿರುತ್ತದೆ. ನನ್ನ ಸೊಸೆ ಅಳುವ ಸಂಗತಿಯನ್ನು ಇನ್ನೆರಡು ಭೇಟಿಗಳಾದ ಮೇಲೆ ತನ್ನ ಗಂಡನಿಗೆ ತಾನೇ ಹೇಳಿಕೊಳ್ಳುತ್ತಿದ್ದಳೋ ಏನೋ. ಹಾಗೆ ಹೇಳುವ ಅವಕಾಶವನ್ನೇ ನಾವು ಅವಳಿಂದ ಕಸಿದುಕೊಂಡೆವು. ‘ಗಂಡಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯನ್ನು ನಾವು ಹಗುರವಾಗಿ ಆಡುತ್ತೇವೆ. ಆ ಜಗಳ ಉಂಡು ಮಲಗುವ ಹೊತ್ತಿಗೆ ಮುಗಿಯಬೇಕಾದರೆ ಅದು ಅವರಿಬ್ಬರ ನಡುವೆಯೇ ಉಳಿದಿರಬೇಕು. ಊರೆಲ್ಲ ಸುತ್ತಿ ಬಂದ ಜಗಳ ಮಲಗುವುದಿಲ್ಲ.

ಇದೆಲ್ಲ ಆದ ಮೇಲೆ ಕಾನೂನು ಏನು ಹೇಳುತ್ತದೆಂದು ಓದಿ ತಿಳಿದುಕೊಂಡೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ, ಮಾನಸಿಕ ಅಸ್ವಸ್ಥತೆಗೆ ಚಿಕಿತ್ಸೆ ಪಡೆಯುವ ವ್ಯಕ್ತಿಗೆ ತನ್ನ ಆರೋಗ್ಯ ಮತ್ತು ಚಿಕಿತ್ಸೆಯ ಮಾಹಿತಿಯನ್ನು ಗೋಪ್ಯವಾಗಿ ಇಡಿಸಿಕೊಳ್ಳುವ ಹಕ್ಕನ್ನು ಕೊಟ್ಟಿದೆ; ಚಿಕಿತ್ಸೆ ನೀಡುವವರಿಗೆ ಅದನ್ನು ಕಾಯುವ ಕರ್ತವ್ಯವನ್ನು ವಿಧಿಸಿದೆ. 24ನೇ ಕಲಂ ಪ್ರಕಾರ ಒಪ್ಪಿಗೆಯಿಲ್ಲದೆ ಅಂಥವರ ಫೋಟೊ ಅಥವಾ ಮಾಹಿತಿಯನ್ನು ಮಾಧ್ಯಮಗಳಿಗೆ ಕೊಡುವಂತಿಲ್ಲ. ವೈದ್ಯರ ವೃತ್ತಿನಡತೆಯ ಕುರಿತ 2002ರ ನಿಯಮಗಳಲ್ಲೂ ರೋಗಿಯ ಗುಟ್ಟು ಬಯಲು ಮಾಡುವುದು ದುರ್ನಡತೆ ಎಂದೇ ಇದೆ. ಇದಕ್ಕೆಲ್ಲ ತಳಹದಿಯಂತೆ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದನ್ನು ನಾವು ಕನ್ನಡಿಗರು ಇನ್ನಷ್ಟು ಹೆಮ್ಮೆಯಿಂದ ನೆನೆಯಬೇಕು.

ಆದರೆ ನಮ್ಮ ಮನೆಯ ಪ್ರಕರಣಕ್ಕೆ ಬಂದರೆ ಕಾನೂನಿನಲ್ಲಿ ಒಂದು ಕಂದಕವಿದೆ. ಮನೋವೈದ್ಯರು ವೈದ್ಯಕೀಯ ಪರಿಷತ್ತಿನ ನೋಂದಣಿಗೆ ಒಳಪಟ್ಟವರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ಅವರ ಮೇಲೆ ದೂರು ಕೊಡಲು ಒಂದು ಬಾಗಿಲಾದರೂ ಇದೆ. ‘ಆಪ್ತಸಮಾಲೋಚಕರು’ ಎಂಬ ಬೋರ್ಡನ್ನು ಮಾತ್ರ ಕೆಲವು ತಿಂಗಳ ಡಿಪ್ಲೊಮಾ ಮಾಡಿದವರೂ ಹಾಕಿಕೊಳ್ಳುತ್ತಿದ್ದಾರೆ. ದಾಂಪತ್ಯದ ಮನಸ್ತಾಪಕ್ಕೆಂದು ಹೋಗುವವರು ಕಾಯಿಲೆಯವರಲ್ಲವಾದ್ದರಿಂದ 2017ರ ಕಾಯ್ದೆಯ ರಕ್ಷಣೆ ಅವರಿಗೆ ನೇರವಾಗಿ ದಕ್ಕುವುದೂ ಕಷ್ಟ. 2021ರಲ್ಲಿ ಬಂದ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಮನಶ್ಶಾಸ್ತ್ರಜ್ಞರು, ಸಮಾಲೋಚಕರು, ಸಮಾಜಕಾರ್ಯಕರ್ತರನ್ನು ತನ್ನ ಪಟ್ಟಿಗೆ ಸೇರಿಸಿಕೊಂಡು, ರಾಜ್ಯ ಪರಿಷತ್ತುಗಳ ಮೂಲಕ ನೋಂದಣಿ ಮಾಡಬೇಕೆಂದು ಹೇಳಿದೆ. ನಮ್ಮ ರಾಜ್ಯದಲ್ಲಿ ಆ ನೋಂದಣಿ ಪಟ್ಟಿ ಕನ್ನಡದಲ್ಲಿ, ಯಾರು ಬೇಕಾದರೂ ಹೆಸರು ಹುಡುಕಿ ನೋಡುವಂತೆ ಇರಬೇಕು. ಗೋಪ್ಯತೆ ಮುರಿದರೆ ಯಾರಿಗೆ ದೂರು ಕೊಡಬೇಕೆಂಬ ವಿಳಾಸ ಆ ಪಟ್ಟಿಯ ಜೊತೆಯಲ್ಲೇ ಇರಬೇಕು. ಆರೋಗ್ಯ ಇಲಾಖೆಯಲ್ಲಿ ನನ್ನ ಮೊದಲ ಬೇಡಿಕೆ ಇದೇ.

ಗೋಪ್ಯತೆ ಎಂದರೆ ಎಲ್ಲವನ್ನೂ ಮುಚ್ಚಿಡುವುದು ಎಂದು ಯಾರೂ ತಿಳಿಯಬಾರದು. ಅದೇ 23ನೇ ಕಲಂ ವಿನಾಯಿತಿಗಳನ್ನೂ ಹೇಳಿದೆ. ಯಾರದಾದರೂ ಜೀವಕ್ಕೆ ಅಪಾಯವಿದ್ದಾಗ, ಇನ್ನೊಬ್ಬರಿಗೆ ಹಾನಿ ಅಥವಾ ಹಿಂಸೆಯಾಗುವುದನ್ನು ತಡೆಯಬೇಕಾದಾಗ, ನ್ಯಾಯಾಲಯದಂಥ ಅಧಿಕಾರವುಳ್ಳವರ ಆದೇಶವಿದ್ದಾಗ ಮಾಹಿತಿ ಕೊಡಬಹುದು. ಹಾನಿ ತಡೆಯಲು ಹೇಳುವಾಗಲೂ ಆ ಹಾನಿಯಿಂದ ಕಾಪಾಡಲು ಎಷ್ಟು ಬೇಕೋ ಅಷ್ಟನ್ನೇ ಹೇಳಬೇಕು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಸಮಾಲೋಚಕರೂ ಅದಕ್ಕೆ ಹೊರತಲ್ಲ.

ಈ ಎಲ್ಲೆಯನ್ನು ಎಲ್ಲಿ ಎಳೆಯಬೇಕೆಂಬ ಚರ್ಚೆ ಲೋಕದಾದ್ಯಂತ ನಡೆದದ್ದು ಅಮೆರಿಕದ ಟರಾಸಾಫ್ ಪ್ರಕರಣದಿಂದ. 1969ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ನಮ್ಮ ದೇಶದಿಂದ ಓದಲು ಹೋಗಿದ್ದ ಒಬ್ಬ ವಿದ್ಯಾರ್ಥಿ, ತನ್ನನ್ನು ಒಪ್ಪದ ಯುವತಿಯನ್ನು ಕೊಲ್ಲುವುದಾಗಿ ತನ್ನ ಚಿಕಿತ್ಸಕರ ಬಳಿ ಹೇಳಿದ್ದ. ಚಿಕಿತ್ಸಕರು ವಿಶ್ವವಿದ್ಯಾಲಯದ ಪೊಲೀಸರಿಗೆ ತಿಳಿಸಿದರು, ಪೊಲೀಸರು ಅವನನ್ನು ವಿಚಾರಿಸಿ ಬಿಟ್ಟರು, ಆ ಹುಡುಗಿಗಾಗಲಿ ಅವಳ ಮನೆಯವರಿಗಾಗಲಿ ಯಾರೂ ಎಚ್ಚರಿಕೆ ಕೊಡಲಿಲ್ಲ, ಕೊಲೆ ನಡೆದುಹೋಯಿತು. ಅಪಾಯಕ್ಕೆ ಗುರಿಯಾದವರನ್ನು ಕಾಪಾಡಲು ಸೂಕ್ತ ಎಚ್ಚರ ವಹಿಸುವ ಹೊಣೆ ಚಿಕಿತ್ಸಕರಿಗೆ ಇದೆಯೆಂದು 1976ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ನಮ್ಮಲ್ಲೂ 1998ರಲ್ಲಿ, ಮದುವೆ ನಿಶ್ಚಯವಾಗಿದ್ದ ವ್ಯಕ್ತಿಗೆ ಎಚ್‌ಐವಿ ಇರುವುದನ್ನು ಆಸ್ಪತ್ರೆ ಹೊರಗೆಡಹಿದ ಪ್ರಕರಣದಲ್ಲಿ, ಗೋಪ್ಯತೆಯ ಕರ್ತವ್ಯ ನಿರಪವಾದವಲ್ಲ, ಇನ್ನೊಬ್ಬರ ಆರೋಗ್ಯಕ್ಕೆ ಅಪಾಯವಿರುವಲ್ಲಿ ಅದು ಸಡಿಲವಾಗುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಈ ಎರಡೂ ಪ್ರಕರಣಗಳಲ್ಲಿ ಮೌನ ಮುರಿಯಲು ಹೇಳಿದ ಕಾರಣ ಇನ್ನೊಬ್ಬರ ಜೀವ ಅಥವಾ ಆರೋಗ್ಯ. ಅತ್ತೆಯ ಕುತೂಹಲ, ತವರಿನವರ ಆತಂಕ, ಶುಲ್ಕ ಕಟ್ಟಿದ ರಸೀದಿ, ಇವು ಯಾವ ವಿನಾಯಿತಿಯ ಪಟ್ಟಿಯಲ್ಲೂ ಇಲ್ಲ.

ದಂಪತಿಗಳ ಸಮಾಲೋಚನೆಯಲ್ಲಿ ಗೋಪ್ಯತೆಗೆ ಇನ್ನೊಂದು ತೊಡಕು ಇದೆ. ಒಬ್ಬರೇ ಹೋದರೆ ಗುಟ್ಟು ಒಬ್ಬರದು; ಇಬ್ಬರು ಹೋದಾಗ, ಒಬ್ಬರು ಏಕಾಂತದಲ್ಲಿ ಹೇಳಿದ್ದನ್ನು ಇನ್ನೊಬ್ಬರಿಂದ ಮುಚ್ಚಿಡಬೇಕೇ? ಗಂಡ ಬೇರೊಂದು ಸಂಬಂಧದ ವಿಷಯ ಹೇಳಿ ‘ಅವಳಿಗೆ ಹೇಳಬೇಡಿ’ ಎಂದರೆ ಸಮಾಲೋಚಕರು ಏನು ಮಾಡಬೇಕು? ಕೆಲವರು, ಪ್ರತ್ಯೇಕವಾಗಿ ಹೇಳಿದ್ದು ಪ್ರತ್ಯೇಕವಾಗಿಯೇ ಇರುತ್ತದೆ ಎನ್ನುತ್ತಾರೆ. ಇನ್ನು ಕೆಲವರು, ದಾಂಪತ್ಯಕ್ಕೆ ಸಂಬಂಧಿಸಿದ ದೊಡ್ಡ ಸಂಗತಿಯನ್ನು ಒಬ್ಬರಿಂದ ಮುಚ್ಚಿಟ್ಟು ಇಬ್ಬರಿಗೂ ನೆರವಾಗಲು ನನ್ನಿಂದಾಗದು, ಅದನ್ನು ನೀವೇ ಹೇಳಲು ನಾನು ಸಹಾಯ ಮಾಡುತ್ತೇನೆ, ಹೇಳಲು ಆಗದಿದ್ದರೆ ನಾನು ಈ ಕೆಲಸದಿಂದ ಹಿಂದೆ ಸರಿಯುತ್ತೇನೆ ಎಂದು ಮೊದಲೇ ತಿಳಿಸುತ್ತಾರೆ. ಎರಡೂ ಒಪ್ಪಬಹುದಾದ ಪದ್ಧತಿಗಳೇ. ಒಪ್ಪಲಾಗದ್ದು, ಯಾವುದನ್ನೂ ಹೇಳದೆ ಮಾತಾಡಿಸಿ ಆಮೇಲೆ ತಮ್ಮ ಇಷ್ಟದಂತೆ ನಡೆಯುವುದು. ನಮ್ಮ ಮಗ ಸೊಸೆಗೆ ಆದದ್ದು ಇದೇ.

ಮನೆಯೊಳಗೆ ಹೊಡೆತ ಬಡಿತವಿದ್ದರೆ ಮಾತ್ರ ಲೆಕ್ಕವೇ ಬೇರೆ. ಹೊಡೆಸಿಕೊಂಡವಳು ಹೊಡೆದವನ ಪಕ್ಕದಲ್ಲಿ ಕೂತು ಸತ್ಯ ಹೇಳಲಾರಳು. ಹೇಳಿದರೆ ಮನೆಗೆ ಹೋದ ಮೇಲೆ ಅದಕ್ಕೂ ಏಟು ತಿನ್ನಬೇಕಾದೀತು. ಅಂಥ ಕಡೆ ಅವಳು ಪ್ರತ್ಯೇಕವಾಗಿ ಹೇಳಿದ ಒಂದೇ ಒಂದು ಮಾತು ಗಂಡನ ಕಿವಿಗೆ ಬಿದ್ದರೆ ಪ್ರಾಣಕ್ಕೇ ಸಂಚಕಾರ. ಸಾಂತ್ವನ ಕೇಂದ್ರಗಳಲ್ಲಿ, ಠಾಣೆಗಳಲ್ಲಿ ರಾಜಿ ಮಾಡಿಸುವ ಉತ್ಸಾಹದಲ್ಲಿರುವವರು ಇದನ್ನು ದಯವಿಟ್ಟು ನೆನಪಿಡಬೇಕು.

ಮೊಬೈಲಿನಲ್ಲಿ ಈಗ ಹೊಸದೊಂದು ಪಿಡುಗು ಕಾಣುತ್ತಿದೆ. ‘ನನ್ನ ಹತ್ತಿರ ಒಬ್ಬ ಹೆಣ್ಣುಮಗಳು ಬಂದಿದ್ದಳು, ಗಂಡ ಸರ್ಕಾರಿ ನೌಕರ, ಒಬ್ಬನೇ ಮಗ’ ಎಂದು ಶುರುಮಾಡಿ, ತಮ್ಮಲ್ಲಿಗೆ ಬಂದವರ ಕಥೆಯನ್ನು ರೀಲ್ಸ್ ಮಾಡಿ ಹಾಕುವ ಸಮಾಲೋಚಕರಿದ್ದಾರೆ. ಹೆಸರು ಹೇಳಿಲ್ಲವಲ್ಲ ಎಂಬುದು ಅವರ ಸಮರ್ಥನೆ. ದೊಡ್ಡ ನಗರದಲ್ಲಿ ಅದು ನಡೆದೀತು. ತಿಪಟೂರಿನಲ್ಲೋ ಶಿರಾದಲ್ಲೋ ಇಷ್ಟು ವಿವರ ಕೊಟ್ಟರೆ ಆ ಮನೆಯ ಬಾಗಿಲ ಬಣ್ಣವನ್ನೂ ಜನ ಹೇಳಿಬಿಡುತ್ತಾರೆ. ಊರು ಚಿಕ್ಕದಾದಷ್ಟೂ ಗುಟ್ಟು ಕಾಯುವ ಕೆಲಸ ಹೆಚ್ಚು ಕಷ್ಟ, ಏಕೆಂದರೆ ಸಮಾಲೋಚಕರೇ ನಮ್ಮ ಬೀಗರ ಸಂಬಂಧಿಯೋ, ಮಗುವಿನ ಶಾಲೆಯ ಟೀಚರೋ ಆಗಿರುತ್ತಾರೆ. ಅಂಥ ನಂಟು ಇದ್ದಲ್ಲಿ ‘ನಿಮ್ಮನ್ನು ನಾನು ನೋಡುವುದು ಸರಿಯಲ್ಲ, ಬೇರೆಯವರ ಹತ್ತಿರ ಕಳಿಸುತ್ತೇನೆ’ ಎಂದು ಹೇಳುವುದೂ ವೃತ್ತಿಧರ್ಮವೇ. ಆನ್‌ಲೈನ್ ಸಮಾಲೋಚನೆಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ: ಗ್ರಾಹಕರ ಆರೋಗ್ಯದ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್ ಮುಂತಾದವುಗಳೊಂದಿಗೆ ಹಂಚಿಕೊಂಡ ಆರೋಪದ ಮೇಲೆ ಬೆಟರ್‌ಹೆಲ್ಪ್ ಎಂಬ ದೊಡ್ಡ ಕಂಪನಿ 78 ಲಕ್ಷ ಡಾಲರ್ ಕೊಡಬೇಕೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಆದೇಶಿಸಿತು.

ಸರ್ಕಾರಿ ಆಸ್ಪತ್ರೆಗಳ ಬಗ್ಗೆಯೂ ಒಂದು ಮಾತು. ಮಾನಸಿಕ ಆರೋಗ್ಯವನ್ನು ಹಳ್ಳಿಗೆ ಒಯ್ಯುವುದರಲ್ಲಿ ಕರ್ನಾಟಕ ದೇಶಕ್ಕೇ ದಾರಿ ತೋರಿಸಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಇಷ್ಟು ದೂರ ಬಂದವರು ಒಂದು ಬಾಗಿಲು ಮುಚ್ಚುವ ಕೋಣೆಯನ್ನು ಕೊಡಲಾರೆವೆನ್ನಬಾರದು. ನೆಂಟರೊಬ್ಬರ ಜೊತೆ ಒಂದು ಆಸ್ಪತ್ರೆಗೆ ಹೋಗಿದ್ದಾಗ ಕಂಡೆ: ಚೀಟಿ ಹಿಡಿದು ಸಾಲಿನಲ್ಲಿ ನಿಂತವರ ಎದುರಿಗೇ, ‘ನಿದ್ದೆ ಬರ್ತಿದೆಯಾ? ಗಂಡನ ಜೊತೆ ಸರಿ ಇದೀಯಾ?’ ಎಂಬ ಪ್ರಶ್ನೆ. ಆ ಹೆಣ್ಣುಮಗಳು ಎರಡಕ್ಕೂ ಹೂಂ ಎಂದಳು. ಇನ್ನೇನು ಹೇಳಲು ಸಾಧ್ಯವಿತ್ತು?

ಈಗ ಮನೆಯ ಮಾತಿಗೆ ಮರಳುತ್ತೇನೆ. ಸುಮಾರು ಒಂದು ವರ್ಷದ ನಂತರ ನನ್ನ ಸೊಸೆ ತಾನೇ ವಿಚಾರಿಸಿ ಬೇರೊಬ್ಬ ಸಮಾಲೋಚಕಿಯನ್ನು ಕಂಡುಕೊಂಡಳು, ಮಗನೂ ಜೊತೆಗೂಡಿದ. ಮೊದಲ ದಿನವೇ ಅವರು ಕನ್ನಡದಲ್ಲಿ ಅಚ್ಚು ಹಾಕಿಸಿದ ಒಂದು ಹಾಳೆಯನ್ನು ಇಬ್ಬರ ಮುಂದೆಯೂ ಓದಿದರಂತೆ. ತಾವು ಏನನ್ನು ಬರೆದಿಟ್ಟುಕೊಳ್ಳುತ್ತೇವೆ, ಅದು ಎಲ್ಲಿರುತ್ತದೆ, ಯಾರು ನೋಡಬಹುದು, ಯಾವ ಸಂದರ್ಭದಲ್ಲಿ ಹೊರಗೆ ಹೇಳಬೇಕಾಗುತ್ತದೆ, ಪ್ರತ್ಯೇಕವಾಗಿ ಆಡಿದ ಮಾತಿನ ಗತಿ ಏನು ಎಂಬುದೆಲ್ಲ ಅದರಲ್ಲಿತ್ತು. ಒಂದು ದಿನ ಸೊಸೆಗೆ ಜ್ವರ ಬಂದು ಮಲಗಿದ್ದಾಗ, ಇವತ್ತು ಅವಳು ಬರುವುದಿಲ್ಲವೆಂದು ತಿಳಿಸಲು ನಾನು ಅವರಿಗೆ ಫೋನ್ ಮಾಡಿದೆ. ‘ಈ ಹೆಸರಿನವರು ನಮ್ಮಲ್ಲಿಗೆ ಬರ್ತಾರೋ ಇಲ್ವೋ ಅನ್ನೋದನ್ನೂ ನಾನು ಹೇಳೋ ಹಾಗಿಲ್ಲಮ್ಮ. ಏನಾದ್ರೂ ಇದ್ರೆ ಅವರೇ ಫೋನ್ ಮಾಡಲಿ’ ಎಂದರು. ಆ ಕ್ಷಣಕ್ಕೆ ಮುಖಕ್ಕೆ ಹೊಡೆದಂತಾಯಿತು. ಫೋನ್ ಇಟ್ಟು ಸ್ವಲ್ಪ ಹೊತ್ತು ಕೂತ ಮೇಲೆ, ಮೊದಲಿನವರೂ ನನಗೆ ಇದೇ ಉತ್ತರ ಕೊಟ್ಟಿದ್ದರೆ ನಮ್ಮ ಮನೆಗೆ ಎಷ್ಟು ಒಳ್ಳೆಯದಾಗುತ್ತಿತ್ತು ಎನ್ನಿಸಿತು.

ಅವರಿಂದ ಕಲಿತದ್ದರಲ್ಲಿ ಒಂದನ್ನು ಸೊಸೆಯೇ ನನಗೆ ಹೇಳಿಕೊಟ್ಟಳು. ಜಗಳದಲ್ಲಿ ‘ನೀನು ಯಾವಾಗಲೂ ಹೀಗೆ’, ‘ನಿಮ್ಮ ಮನೆಯವರೆಲ್ಲ ಇಷ್ಟೇ’ ಎಂದು ಶುರುಮಾಡದೆ, ತನಗೆ ಆದದ್ದನ್ನು ಹೇಳುವುದು. ಕೇಳಿದಾಗ ಇದು ಹೊರಗಿನವರ ಪುಸ್ತಕದ ಮಾತಿನಂತೆ ಕಂಡಿತು. ಆಮೇಲೆ ಕನ್ನಡ ಪಾಠ ಮಾಡಿದವಳ ಕಿವಿಗೆ ಬೇರೆಯೇ ಕೇಳಿಸತೊಡಗಿತು. ನಮ್ಮ ಭಾಷೆಯಲ್ಲಿ ಭಾವನೆಗಳನ್ನು ಹೇಳುವುದು ಹೆಚ್ಚಾಗಿ ಚತುರ್ಥೀ ವಿಭಕ್ತಿಯಲ್ಲಿ: ನನಗೆ ಬೇಸರವಾಯಿತು, ನನಗೆ ಭಯವಾಗುತ್ತದೆ, ನನಗೆ ನೋವಾಯಿತು. ಬೇಸರ ನನ್ನ ಬಳಿಗೆ ಬಂತೆಂದು ಹೇಳುವ ಈ ವಾಕ್ಯದಲ್ಲಿ ‘ನೀನು’ ಎಂಬ ಪದಕ್ಕೆ ಜಾಗವೇ ಇಲ್ಲ. ಎದುರಿನವರನ್ನು ಕಟಕಟೆಗೆ ನಿಲ್ಲಿಸದೆ ಒಳಗಿನದನ್ನು ಹೇಳುವ ದಾರಿ ನಮ್ಮ ವ್ಯಾಕರಣದಲ್ಲೇ ಇತ್ತು. ಅಷ್ಟು ವರ್ಷ ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡಿಸಿದ ನಾನು ಮನೆಯಲ್ಲಿ ಮಾತ್ರ ‘ನೀನು ಮಾಡಿದ್ದು’, ‘ನೀನು ಅಂದದ್ದು’ ಎಂದೇ ಬದುಕಿದ್ದೆ. ಆ ಅವರೆಕಾಳಿನ ಸಂಜೆ ‘ನೀನು ಅಳೋದು ಗೊತ್ತಾಗಿ ನನಗೆ ಸಂಕಟ ಆಯ್ತು’ ಎಂದು ಹೇಳಿ, ಹೇಗೆ ಗೊತ್ತಾಯಿತೆಂಬುದನ್ನೂ ಒಪ್ಪಿಕೊಂಡಿದ್ದರೆ! ಸಂಕಟ ಆದದ್ದು ನಿಜವೇ ಆಗಿತ್ತು. ಹೇಳಿದ್ದು ತಾತ್ಸಾರದ ಮಾತು.

ದಂಪತಿಗಳ ಮಾತುಕತೆಯನ್ನು ದಶಕಗಳ ಕಾಲ ಗಮನಿಸಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಅವರು, ಸಂಬಂಧವನ್ನು ಕೆಡಿಸುವ ನಾಲ್ಕು ರೀತಿಗಳಲ್ಲಿ (ದೂಷಣೆ, ತಾತ್ಸಾರ, ಸದಾ ತನ್ನದೇ ಸಮರ್ಥನೆ, ಗೋಡೆಯಂಥ ಮೌನ) ತಾತ್ಸಾರವೇ ಎಲ್ಲಕ್ಕಿಂತ ಕೆಟ್ಟದ್ದು ಎನ್ನುತ್ತಾರೆ. ಕದ್ದು ತಿಳಿದ ಸಂಗತಿ ಬಾಯಿಗೆ ಬರುವಾಗ ಬಹುಪಾಲು ತಾತ್ಸಾರವಾಗಿಯೇ ಬರುತ್ತದೆ ಎಂಬುದು ನನ್ನ ಅನುಭವ. ಗಂಡಹೆಂಡಿರು ಒಬ್ಬರ ಮೊಬೈಲನ್ನು ಇನ್ನೊಬ್ಬರು ಕದ್ದು ನೋಡುವುದು, ಮಾತನ್ನು ಗುಟ್ಟಾಗಿ ರೆಕಾರ್ಡ್ ಮಾಡಿಕೊಳ್ಳುವುದು ಇದೇ ಜಾತಿಗೆ ಸೇರಿದ್ದು. ವಿಚ್ಛೇದನದಂಥ ವ್ಯಾಜ್ಯಗಳಲ್ಲಿ ಹಾಗೆ ಗುಟ್ಟಾಗಿ ಮಾಡಿದ ರೆಕಾರ್ಡಿಂಗನ್ನು ಸಾಕ್ಷ್ಯವಾಗಿ ಪರಿಗಣಿಸಬಹುದೆಂದು 2025ರ ಜುಲೈ 14ರಂದು ಸುಪ್ರೀಂ ಕೋರ್ಟ್ ಹೇಳಿದೆ. ಒಬ್ಬರ ಮೇಲೊಬ್ಬರು ಬೇಹುಗಾರಿಕೆ ಮಾಡುವ ಹಂತಕ್ಕೆ ಬಂದಿದ್ದರೆ ಆ ದಾಂಪತ್ಯ ಆಗಲೇ ಮುರಿದಿದೆ ಎಂಬ ಅರ್ಥದ ಮಾತನ್ನೂ ಅದೇ ತೀರ್ಪಿನಲ್ಲಿ ಹೇಳಿದೆ. ಕೋರ್ಟಿನಲ್ಲಿ ನಡೆಯುತ್ತದೆ ಎಂಬ ಕಾರಣಕ್ಕೆ ಮನೆಯಲ್ಲಿ ಮಾಡಬಹುದು ಎಂದು ಯಾರೂ ಭಾವಿಸದಿರಲಿ. ಸಮಾಲೋಚನೆಯ ಕೋಣೆಗೂ ಜೇಬಿನಲ್ಲಿ ರೆಕಾರ್ಡ್ ಆಗುತ್ತಿರುವ ಫೋನ್ ಬಂದರೆ ಅಲ್ಲಿ ಯಾರೂ ಬಾಯಿ ತೆರೆಯಲಾರರು. ಫೋನ್ ಹೊರಗಿಡುವ ನಿಯಮವನ್ನು ಸಮಾಲೋಚಕರು ಮೊದಲ ದಿನದಿಂದಲೇ ಜಾರಿಗೆ ತರುವುದು ಒಳ್ಳೆಯದು.

ನೆರವು ಬೇಕಾದವರು ನನ್ನ ಪತ್ರ ಓದಿ ಹೆದರಿ ಹಿಂದೆ ಸರಿಯಬಾರದು. ಗುಟ್ಟು ಕಾಯುವ ಸಮಾಲೋಚಕರು ನಮ್ಮ ನಡುವೆ ಇದ್ದಾರೆ. ನಮ್ಮ ಮನೆಯನ್ನು ಮತ್ತೆ ನಿಲ್ಲಿಸಿದವರು ಅಂಥವರೇ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಖಾಸಗಿ ಸಮಾಲೋಚಕರ ಬಳಿ ಹೋಗುವವರು ಮೊದಲ ದಿನವೇ ಸಂಕೋಚವಿಲ್ಲದೆ ಕೇಳಬೇಕು: ನಿಮ್ಮ ನೋಂದಣಿ ಎಲ್ಲಿದೆ, ನಾನು ಹೇಳಿದ್ದು ಯಾರಿಗೆ ಹೋಗುತ್ತದೆ, ನಮ್ಮ ಮನೆಯವರು ಫೋನ್ ಮಾಡಿದರೆ ಏನು ಹೇಳುತ್ತೀರಿ? ಕೊನೆಯ ಪ್ರಶ್ನೆಗೆ ತಡವರಿಸುವವರ ಹತ್ತಿರ ಎರಡನೆಯ ಬಾರಿ ಹೋಗುವ ಅಗತ್ಯವಿಲ್ಲ. ಮನೆಯ ಹಿರಿಯರಲ್ಲಿ ನನ್ನ ಬಿನ್ನಹವೆಂದರೆ, ಶುಲ್ಕ ಕಟ್ಟಿ, ಮಗುವನ್ನು ನೋಡಿಕೊಂಡು ಅವರನ್ನು ಕಳಿಸಿ. ಬಂದ ಮೇಲೆ ಏನಾಯಿತೆಂದು ಕೇಳಬೇಡಿ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ.

ಈ ಪತ್ರವನ್ನು ಕಳಿಸುವ ಮುನ್ನ ಮಗ ಸೊಸೆ ಇಬ್ಬರಿಗೂ ಓದಿ ಹೇಳಿದ್ದೇನೆ. ಸೊಸೆ ಎರಡು ಸಂಗತಿಗಳನ್ನು ತೆಗೆಯಲು ಹೇಳಿದಳು, ತೆಗೆದಿದ್ದೇನೆ. ನಲ್ಲಿಯ ವಿಷಯ ಬೇಡವೇನೋ ಎಂದು ನಾನೇ ಕೇಳಿದಾಗ, ‘ಅದು ಇರಲಿ ಅತ್ತೆ, ಬೇರೆ ಮನೆಗಳಲ್ಲೂ ನಲ್ಲಿ ಬಿಟ್ಕೊಂಡು ಕೂತವರಿರ್ತಾರೆ’ ಎಂದಳು. ನನ್ನ ಹೆಸರು, ವಿಳಾಸ ಮತ್ತು ಫೋನ್ ಸಂಖ್ಯೆಯನ್ನು ತಮ್ಮ ಕಚೇರಿಯ ಮಾಹಿತಿಗಾಗಿ ಬೇರೆ ಹಾಳೆಯಲ್ಲಿ ಲಗತ್ತಿಸಿದ್ದೇನೆ. ಅವುಗಳನ್ನು ಪ್ರಕಟಿಸಬಾರದೆಂದು ಕೋರುತ್ತೇನೆ.

ಇಂತಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ತುಮಕೂರು